ಡಬ್ಲಿನ್‌ನಲ್ಲಿ ಇಲ್ಲದ ವಿಕ್ಟೋರಿಯಾ

ಲಂಡನ್ನಿನಲ್ಲಿ ಅರಸರ ಚರಿತ್ರೆಯೆಂದರೆ ವಂಶಾವಳಿ. 1066ರಲ್ಲಿ ನಾರ್ಮಂಡಿಯ ವಿಲಿಯಂ ಪಟ್ಟವೇರಿದ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲೇ 2023ರಲ್ಲಿ ಮೂರನೇ ಚಾರ್ಲ್ಸ್‌ಗೂ ಕಿರೀಟಧಾರಣೆಯಾಯಿತು. ಯಾರ ನಂತರ ಯಾರು, ಎಂಟನೇ ಹೆನ್ರಿಗೆ ಹೆಂಡತಿಯರೆಷ್ಟು ಎಂಬುದನ್ನು ಅಲ್ಲಿನ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಸಮುದ್ರ ದಾಟಿ ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿಗೆ ಬಂದರೆ ಅದೇ ದೊರೆಗಳ ಕಥೆಯನ್ನು ಆಳಿಸಿಕೊಂಡವರ ಬಾಯಿಂದ ಕೇಳಬೇಕಾಗುತ್ತದೆ. ಬಹಳ ಕಾಲದಿಂದ ಈ ಊರಿನಲ್ಲಿ ನೆಲೆಸಿರುವ ನನಗೆ ಇವರ ರೀತಿಯೇ ಸರಿಯೆನಿಸಿದೆ. ನನ್ನ ಬೆಂಗಳೂರು ಇದನ್ನು ಕಲಿಯಲಿ ಎಂಬ ಹಂಬಲವೂ ಇದೆ.

ಐರಿಷರು ತಮ್ಮ ಅರಸರ ತಪ್ಪನ್ನೂ ಮುಚ್ಚಿಡುವುದಿಲ್ಲ ಎಂಬುದನ್ನು ಮೊದಲು ಹೇಳಬೇಕು. ಮೀತ್ ಜಿಲ್ಲೆಯ ತಾರಾ ಗುಡ್ಡ ಇವರ ಮಹಾರಾಜರ ಪೀಠವಾಗಿತ್ತು. ಹಿರಿಯ ಮಗನಿಗೇ ಪಟ್ಟವೆಂಬ ಕಟ್ಟಳೆ ಇಲ್ಲಿರಲಿಲ್ಲ. ಕುಲದ ಗಂಡಸರಲ್ಲಿ ಸಮರ್ಥನೆನಿಸಿದವನನ್ನು ಆರಿಸುತ್ತಿದ್ದರು. ದಾಯಾದಿ ಕಲಹಕ್ಕೂ ಕೊರತೆಯಿರಲಿಲ್ಲ. 1166ರಲ್ಲಿ ಗದ್ದುಗೆ ಕಳೆದುಕೊಂಡ ಲೆನ್‌ಸ್ಟರಿನ ದೊರೆ ಡರ್ಮಟ್ ಮ್ಯಾಕ್‌ಮರೋ ಇಂಗ್ಲೆಂಡಿನ ಎರಡನೇ ಹೆನ್ರಿಯ ಮೊರೆಹೊಕ್ಕ. 1170ರಲ್ಲಿ ನೆರವಿಗೆ ಬಂದ ನಾರ್ಮನ್ ಸರದಾರ ಸ್ಟ್ರಾಂಗ್‌ಬೋಗೆ ಮಗಳು ಈಫಾಳನ್ನು ಧಾರೆಯೆರೆದ. ಮರುವರ್ಷ ಹೆನ್ರಿಯೇ ಸೈನ್ಯ ಸಮೇತ ಬಂದಿಳಿದ. 1541ರ ಹೊತ್ತಿಗೆ ಎಂಟನೇ ಹೆನ್ರಿ ‘ಐರ್ಲೆಂಡಿನ ರಾಜ’ ಎನಿಸಿಕೊಂಡಿದ್ದ.

ಆ ಮದುವೆಯನ್ನು ಡೇನಿಯಲ್ ಮಕ್ಲೀಸ್ 1854ರಲ್ಲಿ ಬರೆದ ಚಿತ್ರ ಇಲ್ಲಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. ಗೋಡೆಯನ್ನೇ ನುಂಗಿದಂಥ ಚಿತ್ರ. ನಡುವೆ ತಲೆ ತಗ್ಗಿಸಿ ನಿಂತ ವಧು. ಉರುಳಿಬಿದ್ದ ಶಿಲುಬೆಯನ್ನು ಮೆಟ್ಟಿ ನಿಂತ ವರ. ಮುಂಭಾಗದಲ್ಲಿ ಹೆಣಗಳ ರಾಶಿ, ತಂತಿ ಹರಿದ ಹಾರ್ಪ್ ಹಿಡಿದು ಕುಸಿದು ಕೂತ ಮುದುಕ. ಪರರನ್ನು ಕರೆತಂದವನು ನಮ್ಮವನೇ ಎಂಬ ಮಾತನ್ನು ಇಷ್ಟು ದೊಡ್ಡದಾಗಿ ತೂಗುಹಾಕಲು ಧೈರ್ಯ ಬೇಕು. ನಮ್ಮಲ್ಲಿ ಅರಸರಿಗೆ ಸಿಗುವುದು ಆರತಿ, ಇಲ್ಲವೇ ಬೈಗುಳ.

ಇನ್ನು ವಿಕ್ಟೋರಿಯಾ ರಾಣಿಯ ವಿಷಯ. 1845ರಿಂದ 1852ರವರೆಗೆ ಆಲೂಗಡ್ಡೆ ಬೆಳೆ ಕೊಳೆತು ಬಿದ್ದ ಕ್ಷಾಮದಲ್ಲಿ ಐರ್ಲೆಂಡಿನ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಮಂದಿ ಹಡಗು ಹತ್ತಿದರು. ಆ ವರ್ಷಗಳಲ್ಲೂ ಇಲ್ಲಿಂದ ಧಾನ್ಯ, ದನಕರು ಇಂಗ್ಲೆಂಡಿಗೆ ಸಾಗುತ್ತಲೇ ಇದ್ದವು. ಕ್ಷಾಮ ಮುಗಿಯುವ ಮೊದಲೇ, 1849ರಲ್ಲಿ, ರಾಣಿ ಇಲ್ಲಿಗೆ ಪ್ರವಾಸ ಬಂದಳು. ‘ಕ್ಷಾಮದ ರಾಣಿ’ ಎಂಬ ಹೆಸರು ಅವಳಿಗೆ ಅಂಟಿಕೊಂಡಿತು. 1908ರಲ್ಲಿ ಲೆನ್‌ಸ್ಟರ್ ಹೌಸ್ ಮುಂದೆ ಅವಳ ಪ್ರತಿಮೆ ನಿಂತಿತು. ಅದೇ ಕಟ್ಟಡ ಸ್ವತಂತ್ರ ಐರ್ಲೆಂಡಿನ ಸಂಸತ್ತಾದ ಮೇಲೆ, 1948ರಲ್ಲಿ, ಪ್ರತಿಮೆಯನ್ನು ತೆಗೆದರು. ದಶಕಗಳ ಕಾಲ ಮೂಲೆಯಲ್ಲಿ ಬಿದ್ದಿದ್ದ ಅದು ಈಗ ಸಿಡ್ನಿಯಲ್ಲಿದೆ. ಡಬ್ಲಿನ್ನಿನ ಲಿಫಿ ನದಿಯ ದಂಡೆಯಲ್ಲಿ 1997ರಿಂದ ಬೇರೆಯವರು ನಿಂತಿದ್ದಾರೆ: ಎಲುಬಿಗೆ ಚರ್ಮ ಅಂಟಿಸಿದಂತಿರುವ ಕಂಚಿನ ಗಂಡಸರು, ಹೆಂಗಸರು. ಬಂದರಿನತ್ತ ಕಾಲೆಳೆಯುತ್ತಿರುವ ಅವರಲ್ಲೊಬ್ಬ ಮಗುವನ್ನು ಹೆಗಲ ಮೇಲೆ ಹೊತ್ತಿದ್ದಾನೆ, ಹಿಂದೊಂದು ಬಡಕಲು ನಾಯಿ.

ಅದೇ ರಾಣಿ ಬೆಂಗಳೂರಿನಲ್ಲೂ ಇದ್ದಾಳೆ. ಕಬ್ಬನ್ ಉದ್ಯಾನದ ಅಂಚಿನ ಅಮೃತಶಿಲೆಯ ಪ್ರತಿಮೆಯನ್ನು 1906ರಲ್ಲಿ ಅವಳ ಮೊಮ್ಮಗನೇ, ಮುಂದೆ ಐದನೇ ಜಾರ್ಜ್ ಆದವನು, ಅನಾವರಣ ಮಾಡಿದ. 1877ರ ಜನವರಿ 1ರಂದು ದೆಹಲಿ ದರ್ಬಾರಿನಲ್ಲಿ ಅವಳನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದಾಗ ಮೈಸೂರು ಸೀಮೆಯಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಹಿರಿಯರು ಆ ಎರಡು ಸಂವತ್ಸರಗಳ ಹೆಸರಿನಲ್ಲಿ ಧಾತು ಈಶ್ವರ ಬರವೆಂದು ನೆನೆಯುತ್ತಿದ್ದದ್ದು ಇದನ್ನೇ. ಆಗ ಆಡಳಿತ ಒಡೆಯರ ಕೈಯಲ್ಲಿರಲಿಲ್ಲ. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳೇ ಆಳುತ್ತಿದ್ದರು. ಸಂಸ್ಥಾನದ ಸುಮಾರು ಐದನೇ ಒಂದು ಪಾಲು ಜನ ಅಳಿದರೆಂದು ಅಂದಾಜು. ಆಗಲೂ ಭಾರತದಿಂದ ಧಾನ್ಯ ರಫ್ತಾಗುತ್ತಿತ್ತು. ಎರಡೂ ನಾಡುಗಳ ನಂಟು ಇನ್ನೂ ಹಿಂದಿನದು: 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಕಾರ್ನ್‌ವಾಲಿಸನೇ 1798ರಲ್ಲಿ ಐರಿಷರ ದಂಗೆಯನ್ನೂ ಅಡಗಿಸಿದವನು.

ಆ ಬರದಲ್ಲಿ ಸತ್ತವರಿಗೆ ಬೆಂಗಳೂರಿನಲ್ಲಿ ಲಿಫಿ ದಂಡೆಯಂಥ ಸ್ಮಾರಕವೇಕಿಲ್ಲ? ರಾಣಿಯನ್ನು ಕೆಡವಿ ಎಂದು ನಾನು ಕೇಳುತ್ತಿಲ್ಲ. ಅದು ಒಳ್ಳೆಯ ಶಿಲ್ಪ, ಊರಿನ ಗುರುತೂ ಹೌದು. ಆದರೆ ಪಕ್ಕದಲ್ಲಿ 1877ರ ಕಥೆ ಇರಲೇಬೇಕು. ಹಳೆಯದನ್ನು ಕೆದಕಿದರೆ ಸಂಬಂಧ ಕೆಡುತ್ತದೆ ಎನ್ನುವವರು 2011ರ ಮೇ ತಿಂಗಳನ್ನು ನೆನೆಯಲಿ. ನೂರು ವರ್ಷಗಳ ಬಳಿಕ ಡಬ್ಲಿನ್ನಿಗೆ ಬಂದ ಬ್ರಿಟನ್ನಿನ ಮೊದಲ ದೊರೆ ಎರಡನೇ ಎಲಿಜಬೆತ್, ಕಿರೀಟದ ವಿರುದ್ಧ ಹೋರಾಡಿ ಮಡಿದವರ ಸ್ಮಾರಕದ ಮುಂದೆ ಹೂಮಾಲೆ ಇಟ್ಟು ತಲೆಬಾಗಿದರು. ಕಥೆಯನ್ನು ಬಿಡದೆ ಹೇಳಿಕೊಂಡು ಬಂದ ಊರಿಗೆ ಸಂದ ಗೌರವ ಅದು.

ಕಬ್ಬನ್ ಉದ್ಯಾನ ತೋಟಗಾರಿಕೆ ಇಲಾಖೆಯ ವಶದಲ್ಲಿದೆ. ಪ್ರತಿಮೆಯ ಬಳಿ ಬರದ ವರ್ಷಗಳನ್ನೂ ಸತ್ತವರ ಅಂದಾಜನ್ನೂ ತಿಳಿಗನ್ನಡದಲ್ಲಿ ಕೆತ್ತಿದ ಒಂದು ಕಲ್ಲು ನಿಲ್ಲಿಸಲು ಹೊಸ ಕಾನೂನೂ ಬೇಡ, ದೊಡ್ಡ ಹಣವೂ ಬೇಡ.