ಥೋರೋ ಬಟ್ಟೆ ಒಗೆದವರು ಯಾರು?

ಮೊನ್ನೆ ಭಾನುವಾರ ಊಟಕ್ಕೆ ಬಂದಿದ್ದ ಗೆಳೆಯ ನನ್ನ ಕಪಾಟಿನಲ್ಲಿದ್ದ 'ವಾಲ್ಡನ್' ಪುಸ್ತಕ (ಅಮೆರಿಕದ ಲೇಖಕ ಥೋರೋ ಕೊಳದ ದಡದಲ್ಲಿ ಒಬ್ಬನೇ ಬದುಕಿದ್ದರ ಬಗ್ಗೆ ಬರೆದದ್ದು) ಎತ್ತಿಕೊಂಡು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ. "ಇವನದ್ದೇನು ಸ್ವಾವಲಂಬನೆ ಕಣೋ, ಬಟ್ಟೆ ಒಗೆಸೋಕೆ ಅಮ್ಮನ ಮನೆಗೆ ಹೋಗ್ತಿದ್ದ!" ಎಲ್ಲರೂ ನಕ್ಕರು. ನನಗೆ ಆಗ ಉತ್ತರ ಹೊಳೆಯಲಿಲ್ಲ, ಸುಮ್ನೆ ಅವನ ತಟ್ಟೆಗೆ ಸಾರು ಬಡಿಸಿದೆ. ಆದರೆ ಆ ಮಾತು ನಾಲ್ಕು ದಿನದಿಂದ ತಲೆಯಲ್ಲೇ ಕೂತಿದೆ. ಥೋರೋ ಬಗ್ಗೆ ಈ ಮಾತು ನಾನು ಕೇಳಿದ್ದು ಇದೇ ಮೊದಲಲ್ಲ. ಅವನನ್ನು ಓದದೇ ಇರೋದಕ್ಕೆ ಇದೊಂದು ಒಳ್ಳೆಯ ನೆಪ ಆಗಿಬಿಟ್ಟಿದೆ ಅನ್ನಿಸುತ್ತದೆ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ಮೊದಲು ಆ ಪುಸ್ತಕದಲ್ಲೇ ಏನಿದೆ ನೋಡೋಣ. 1845ರ ಜುಲೈ 4ರಂದು ಹೆನ್ರಿ ಡೇವಿಡ್ ಥೋರೋ ಅಮೆರಿಕದ ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಊರಿನಿಂದ ಒಂದೂವರೆ ಮೈಲಿ ದೂರದ ವಾಲ್ಡನ್ ಕೊಳದ ದಡಕ್ಕೆ ಹೋದ. ಇನ್ನೂ 28 ತುಂಬಿರಲಿಲ್ಲ. ಜಾಗ ಅವನ ಗೆಳೆಯ, ಗುರುವಿನಂತಿದ್ದ ಲೇಖಕ ಎಮರ್ಸನ್‌ದು. ಮರ ಕಡಿಯಲು ಕೊಡಲಿ ಎರವಲು ತಂದದ್ದು. ಹಲಗೆ ಸಿಕ್ಕಿದ್ದು ರೈಲ್ವೆ ಕೆಲಸದ ಒಬ್ಬ ಐರಿಷ್ ಕೂಲಿಯ ಗುಡಿಸಲನ್ನು 4 ಡಾಲರ್ 25 ಸೆಂಟಿಗೆ ಕೊಂಡು ಬಿಚ್ಚಿದಾಗ. ಕಂಬ ಎತ್ತಿ ನಿಲ್ಲಿಸಲು ಪರಿಚಯದವರು ಬಂದು ಕೈಕೊಟ್ಟರು. 10 ಅಡಿ ಅಗಲ, 15 ಅಡಿ ಉದ್ದದ ಆ ಮನೆಗೆ ಒಟ್ಟು ಖರ್ಚು 28 ಡಾಲರ್ ಹನ್ನೆರಡೂವರೆ ಸೆಂಟು. ಅರ್ಧ ಸೆಂಟನ್ನೂ ಬಿಡದೆ ಬರೆದಿಟ್ಟಿದ್ದಾನೆ. ಆಗಾಗ ಬೇರೆ ಕಡೆ ಊಟ ಮಾಡುತ್ತಿದ್ದೆ ಅಂತಲೂ ಅವನೇ ಹೇಳಿಕೊಂಡಿದ್ದಾನೆ. ಬಟ್ಟೆಯ ವಿಷಯವೂ ಅದೇ ಲೆಕ್ಕದಲ್ಲಿದೆ: ಒಗೆಯುವ ಹೊಲಿಯುವ ಕೆಲಸ ಹೆಚ್ಚಾಗಿ ಮನೆಯ ಹೊರಗೇ ಆಯಿತು, ಅದರ ಬಿಲ್ಲು ಇನ್ನೂ ಬಂದಿಲ್ಲ. ಅಂದರೆ ನಾವು ಏನೋ ಗುಟ್ಟು ಹಿಡಿದೆವು ಅಂತ ಹೇಳುತ್ತಿರುವ ಸಂಗತಿಯನ್ನು ಅವನೇ 1854ರಲ್ಲಿ ಅಚ್ಚು ಹಾಕಿಸಿದ್ದ. ಮೋಸ ಎಲ್ಲಿ ಬಂತು?

ನನಗೆ ಅನ್ನಿಸುವುದು, ಗೊಂದಲ ಇರುವುದು ಪದದಲ್ಲಿ. ಎಮರ್ಸನ್ 1841ರಲ್ಲಿ ಪ್ರಕಟಿಸಿದ 'ಸೆಲ್ಫ್-ರಿಲಯನ್ಸ್' ಪ್ರಬಂಧದ ಹೆಸರನ್ನು ನಾವು 'ಸ್ವಾವಲಂಬನೆ' ಅಂತ ಹೇಳುತ್ತೇವೆ. ಆ ಪದ ಕೇಳಿದ ಕೂಡಲೇ ನಮ್ಮ ತಲೆಗೆ ಬರುವುದು ದುಡಿಮೆ, ಸಂಬಳ, ಹೊಲಿಗೆ ಮೆಷಿನ್ನು, ಯಾರ ಹಂಗೂ ಇಲ್ಲದೆ ಹೊಟ್ಟೆ ಹೊರೆಯುವುದು. ಎಮರ್ಸನ್ ಹೇಳಿದ್ದು ಬೇರೆ. ಅವನ ಚಿಂತೆ ನಮ್ಮ ಯೋಚನೆ ಯಾರದು ಅನ್ನುವುದು. ನಿನ್ನ ಮನಸ್ಸಿಗೆ ನಿಜ ಅನ್ನಿಸಿದ್ದನ್ನು ನಿನ್ನದು ಅನ್ನುವ ಒಂದೇ ಕಾರಣಕ್ಕೆ ತಳ್ಳಿಬಿಡುತ್ತೀಯ, ನಾಳೆ ಯಾರೋ ಅಪರಿಚಿತ ಅದನ್ನೇ ಚೆನ್ನಾಗಿ ಹೇಳುತ್ತಾನೆ, ಆಗ ನಿನ್ನದೇ ಮಾತನ್ನು ಇನ್ನೊಬ್ಬನ ಕೈಯಿಂದ ತಲೆತಗ್ಗಿಸಿ ಪಡೆಯಬೇಕಾಗುತ್ತದೆ, ಅನ್ನುತ್ತಾನೆ.

ಇದು ನನಗೆ ಆಗಿದೆ. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಹೋಮ್‌ವರ್ಕ್ ಮುಗಿಸದ ಮಕ್ಕಳನ್ನು ಇಡೀ ಪೀರಿಯಡ್ ನಿಲ್ಲಿಸುತ್ತಿದ್ದರು. ಪೋಷಕರ ಮೀಟಿಂಗಿನಲ್ಲಿ ನಾನು ಏಳಬೇಕು ಅಂದುಕೊಂಡೆ, ಸುತ್ತ ನೋಡಿದೆ, ಯಾರೂ ಏನೂ ಹೇಳುತ್ತಿಲ್ಲ, ಬಹುಶಃ ನನ್ನದೇ ಅತಿಯಾಯಿತೇನೋ ಅಂತ ಕೂತೆ. ಐದು ನಿಮಿಷದ ಮೇಲೆ ಹಿಂದಿನ ಬೆಂಚಿನ ಒಬ್ಬ ತಾಯಿ ಎದ್ದು ನನ್ನ ಮನಸ್ಸಿನಲ್ಲಿದ್ದ ವಾಕ್ಯವನ್ನೇ ಹೇಳಿದರು. ಆ ಕ್ಷಣದ ನಾಚಿಕೆ ಇವತ್ತಿಗೂ ನನ್ನ ಹತ್ತಿರ ಇದೆ.

ಅದಕ್ಕೇ ಇರಬೇಕು, ಥೋರೋನ ಬದುಕಿನಲ್ಲಿ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುವುದು ಕೊಳಕ್ಕಿಂತ ಮುಂಚಿನ ಒಂದು ಘಟನೆ. 1837ರಲ್ಲಿ ಹಾರ್ವರ್ಡ್ ಮುಗಿಸಿ ಬಂದ ಅವನಿಗೆ ಊರಿನ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆ ವರ್ಷ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ, ಕೆಲಸ ಸಿಗುವುದೇ ಕಷ್ಟ. ಅವನು ಮಕ್ಕಳಿಗೆ ಹೊಡೆಯುವುದಿಲ್ಲ ಅಂತ ಶಾಲಾ ಸಮಿತಿಯವರು ಆಕ್ಷೇಪ ಎತ್ತಿದರು. ಅವನು ಮಾತಿಗೆ ಕಟ್ಟುಬಿದ್ದು ಕೆಲವು ಮಕ್ಕಳಿಗೆ ಹೊಡೆದ, ಆಮೇಲೆ ರಾಜೀನಾಮೆ ಕೊಟ್ಟ ಅಂತ ಅವನ ಜೀವನ ಬರೆದವರು ಹೇಳುತ್ತಾರೆ. ಆ ಹೊಡೆತಗಳನ್ನು ನಾನು ಮುಚ್ಚಿಡಲು ಹೋಗುವುದಿಲ್ಲ. ಆದರೆ ಎರಡೇ ವಾರದಲ್ಲಿ ಕೆಲಸ ಹೋಯಿತು, ಮುಂದಿನ ವರ್ಷ ತಾನೇ ಒಂದು ಶಾಲೆ ತೆರೆದ, ಅಣ್ಣ ಜಾನ್ ಬಂದು ಸೇರಿಕೊಂಡ, ಅಲ್ಲಿ ಬೆತ್ತ ಇರಲಿಲ್ಲ. ಮಕ್ಕಳನ್ನು ಹೊಲಕ್ಕೆ, ನದಿಗೆ ಕರೆದುಕೊಂಡು ಹೋಗುತ್ತಿದ್ದರು.

ಎಮರ್ಸನ್‌ನೂ ಬರೀ ಬಾಯಿಮಾತಿನವನಲ್ಲ. ಬಾಸ್ಟನ್‌ನ ದೊಡ್ಡ ಚರ್ಚಿನಲ್ಲಿ ಪಾದ್ರಿಯಾಗಿದ್ದ, ತನಗೆ ನಂಬಿಕೆ ಇಲ್ಲದ ಒಂದು ವಿಧಿಯನ್ನು ನಡೆಸಲಾರೆ ಅಂತ 1832ರಲ್ಲಿ ಬಿಟ್ಟ. 1838ರಲ್ಲಿ ಹಾರ್ವರ್ಡ್‌ನಲ್ಲಿ ಚರ್ಚಿನ ನಂಬಿಕೆಗಳನ್ನು ಪ್ರಶ್ನಿಸಿ ಮಾಡಿದ ಒಂದು ಭಾಷಣಕ್ಕೆ ಸುಮಾರು 30 ವರ್ಷ ಆ ಬಾಗಿಲು ಅವನಿಗೆ ಮುಚ್ಚಿತ್ತು.

ಇನ್ನು ಪ್ರಕೃತಿ. ಸೂರ್ಯಾಸ್ತದ ಫೋಟೋ ಹಾಕಿ ಕೆಳಗೆ ಥೋರೋ ಹೆಸರು ಬರೆಯುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಅವನು ಸರ್ವೇ ಮಾಡುತ್ತಿದ್ದ ಮನುಷ್ಯ. ವಾಲ್ಡನ್ ಕೊಳಕ್ಕೆ ತಳವೇ ಇಲ್ಲ ಅಂತ ಊರವರ ಮಾತು, ತಲೆಮಾರುಗಳಿಂದ. ಯಾರೂ ಅಳೆದಿರಲಿಲ್ಲ. 1846ರಲ್ಲಿ ಹಿಮಗಟ್ಟಿದ ಕೊಳದ ಮೇಲೆ ನಡೆದು, ಅಲ್ಲಲ್ಲಿ ರಂಧ್ರ ಕೊರೆದು, ಮೀನು ಹಿಡಿಯುವ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟ. ನೂರಕ್ಕೂ ಹೆಚ್ಚು ಕಡೆ. ಕಲ್ಲು ತಳ ಬಿಟ್ಟು ಮೇಲೇಳುವ ಗಳಿಗೆ ಕೈಗೇ ತಿಳಿಯುತ್ತಿತ್ತಂತೆ, ಯಾಕೆಂದರೆ ನೀರು ಅದರ ಕೆಳಗೆ ಹೋಗುವ ತನಕ ಜಾಸ್ತಿ ಜಗ್ಗಬೇಕು. ಅತಿ ಆಳ 102 ಅಡಿ. ನನಗೆ ಎಮರ್ಸನ್‌ನ ಇಡೀ ಪ್ರಬಂಧ ಅರ್ಥವಾದದ್ದು ಈ ಪುಟದಲ್ಲಿ. ಎಲ್ಲರೂ ಹೇಳುತ್ತಾರೆ ಅಂತ ನಂಬಲಿಲ್ಲ, ಎಲ್ಲರೂ ಹೇಳುತ್ತಾರೆ ಅಂತ ಬೈಯಲೂ ಇಲ್ಲ, ದಾರ ಹಿಡಿದು ಹೋದ. ಆಮೇಲೆ 1850ರ ದಶಕದಲ್ಲಿ ಕಾಂಕರ್ಡ್‌ನ ಗಿಡಗಳು ಯಾವ ದಿನ ಹೂ ಬಿಟ್ಟವು ಅಂತ ವರ್ಷ ವರ್ಷ ಬರೆದಿಟ್ಟ. ಆ ದಿನಾಂಕಗಳನ್ನು ಇಟ್ಟುಕೊಂಡೇ ಬಾಸ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈಗ ಅಲ್ಲಿ ಹೂಗಳು ಎಷ್ಟು ಬೇಗ ಅರಳುತ್ತಿವೆ ಅಂತ ತೋರಿಸಿದ್ದಾರೆ.

ಆದರೆ ನನಗೆ ಒಪ್ಪಿಗೆ ಇಲ್ಲದ್ದೂ ಇದೆ. ಅದೇ ಪ್ರಬಂಧದಲ್ಲಿ ಎಮರ್ಸನ್, ಬಡವರಿಗೆ ಸಹಾಯ ಮಾಡು ಅಂದರೆ ಅವರೇನು ನನ್ನ ಬಡವರಾ ಅಂತ ಕೇಳುತ್ತಾನೆ. ಎಷ್ಟು ಸಲ ಓದಿದರೂ ಆ ಸಾಲು ನನಗೆ ಚುಚ್ಚುತ್ತದೆ. ಇದಕ್ಕೆ ಉತ್ತರ 'ವಾಲ್ಡನ್' ಒಳಗೇ ಇದೆ. ಥೋರೋನ ಹುರುಳಿಕಾಯಿ ಹೊಲದ ಮೂಲೆಯಲ್ಲಿ ಅವನಿಗಿಂತ ಮುಂಚೆ ಜಿಲ್ಫಾ ಅನ್ನುವ ಕಪ್ಪು ಹೆಂಗಸಿನ ಪುಟ್ಟ ಮನೆ ಇತ್ತು. ಗುಲಾಮಗಿರಿಯಿಂದ ಬಿಡುಗಡೆಯಾದವರು ಬಂದು ನೆಲೆಸಿದ್ದು ಆ ಕಾಡಿನಲ್ಲೇ, ಯಾಕೆಂದರೆ ಆ ಮರಳು ನೆಲ ಬೇರೆ ಯಾರಿಗೂ ಬೇಕಿರಲಿಲ್ಲ. ಆಕೆ ಊರವರಿಗೆ ನೂಲು ತೆಗೆದು ಬದುಕುತ್ತಿದ್ದಳು, ಗಟ್ಟಿ ದನಿಯಲ್ಲಿ ಹಾಡುತ್ತಿದ್ದಳು. ಅಮೆರಿಕಕ್ಕೂ ಬ್ರಿಟನ್ನಿಗೂ ನಡೆದ 1812ರ ಯುದ್ಧದ ಕಾಲದಲ್ಲಿ ಆಕೆ ಇಲ್ಲದಾಗ ಇಂಗ್ಲಿಷ್ ಸೈನಿಕರು ಮನೆಗೆ ಬೆಂಕಿ ಇಟ್ಟರು. ಬೆಕ್ಕು, ನಾಯಿ, ಕೋಳಿಗಳು ಸುಟ್ಟುಹೋದವು. ಥೋರೋ ಒಬ್ಬನೇ ಇರುವುದನ್ನು ಆರಿಸಿಕೊಂಡ. ಜಿಲ್ಫಾಗೆ ಯಾರೂ ಆರಿಸಿಕೊಳ್ಳಲು ಬಿಡಲಿಲ್ಲ. ಆದರೂ ಆಕೆಯ ಹೆಸರನ್ನು ಪುಸ್ತಕದಲ್ಲಿ ಬರೆದಿಟ್ಟವನು ಥೋರೋನೇ, ಅದನ್ನು ನಾನು ಮರೆಯಲಾರೆ.

ಇಷ್ಟಾದ ಮೇಲೆ ಆ ಅಮ್ಮನ ವಿಷಯ. ಆಕೆಯ ಹೆಸರು ಸಿಂಥಿಯಾ. ಗುಲಾಮಗಿರಿಯ ವಿರುದ್ಧ ಕಾಂಕರ್ಡ್‌ನ ಹೆಂಗಸರು 1837ರಲ್ಲಿ ಸಂಘ ಕಟ್ಟಿದಾಗ ಮೊದಲಿಗೆ ಸೇರಿದವರಲ್ಲಿ ಒಬ್ಬಳು. ಎಮರ್ಸನ್‌ನ ಹೆಂಡತಿ ಲಿಡಿಯನ್ ಕೂಡ ಅದರಲ್ಲಿದ್ದಳು. 1844ರ ಆಗಸ್ಟ್ 1ರಂದು ಎಮರ್ಸನ್‌ನನ್ನು ಗುಲಾಮಗಿರಿಯ ವಿರುದ್ಧ ವೇದಿಕೆಗೆ ಹತ್ತಿಸಿದ್ದು ಈ ಹೆಂಗಸರೇ. ಅವತ್ತು ಜನರನ್ನು ಸೇರಿಸಲು ಗಂಟೆ ಬಾರಿಸುವವರು ಹಿಂಜರಿದಾಗ ಹೋಗಿ ಹಗ್ಗ ಎಳೆದವನು ಥೋರೋ. ಎರಡು ವರ್ಷದ ಮೇಲೆ, ಗುಲಾಮಗಿರಿ ನಡೆಸುವ ಸರ್ಕಾರಕ್ಕೆ ತೆರಿಗೆ ಕೊಡುವುದಿಲ್ಲ ಅಂತ ಒಂದು ರಾತ್ರಿ ಜೈಲಿನಲ್ಲಿದ್ದ. ಯಾರೋ ಹಣ ಕಟ್ಟಿ ಬಿಡಿಸಿದಾಗ ಅವನಿಗೆ ಸಿಟ್ಟೇ ಬಂತಂತೆ.

ಹಾಗಾದರೆ ತನ್ನ ಮನಸ್ಸನ್ನು ನಂಬುವುದನ್ನು ಅವನು ಕಲಿತದ್ದು ಎಲ್ಲಿ? ಕೊಳದ ದಡದಲ್ಲಿ ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ. ನಾವು ನಗುತ್ತೇವಲ್ಲ, ಬಟ್ಟೆ ಒಗೆಸಿಕೊಳ್ಳಲು ಹೋಗುತ್ತಿದ್ದ ಅಂತ, ಆ ಮನೆಯ ಊಟದ ಮೇಜಿನ ಮುಂದೆಯೂ ಕಲಿತ.

ಗೆಳೆಯ ಈ ಭಾನುವಾರವೂ ಬರುತ್ತೇನೆ ಅಂದಿದ್ದಾನೆ. ಬಿಲ್ಲು ಇನ್ನೂ ಬಂದಿಲ್ಲ ಅಂತ ಬರೆದಿರುವ ಪುಟಕ್ಕೆ ಒಂದು ಚೀಟಿ ಸಿಕ್ಕಿಸಿಟ್ಟಿದ್ದೇನೆ. ಊಟಕ್ಕೆ ಮುಂಚೆ ಓದಿ ಹೇಳುತ್ತೇನೆ, ಸಿಂಥಿಯಾ ಬಗ್ಗೆಯೂ.