ಪದಕದ ಹೆಸರು ನೋಡಿ, ಕಥೆಯನ್ನೂ ಕೇಳಿ

1971ರ ಯುದ್ಧದಲ್ಲಿದ್ದ ನೌಕಾಪಡೆಯವರ ಬಗ್ಗೆ ಮನೆಯವರು ಹೇಳುವುದನ್ನು ನಂಬಬೇಡಿ, ದಾಖಲೆ ಮಾತ್ರ ನೋಡಿ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಅರ್ಧ ಒಪ್ಪುತ್ತೇನೆ.

ನಮ್ಮ ಮನೆಯಲ್ಲಿ ಈಗಲೂ 'ದೊಡ್ಡಪ್ಪ ಕರಾಚಿಗೆ ಬಾಂಬ್ ಹಾಕಿದವರು' ಎಂದೇ ಮಾತು. ಆದರೆ ಅವರ ಡಬ್ಬಿಯಲ್ಲಿರುವುದು ಪೂರ್ವಿ ಸ್ಟಾರ್, ಅಂದರೆ ಆ ಯುದ್ಧದಲ್ಲಿ ಪೂರ್ವದಲ್ಲಿದ್ದವರಿಗೆ ಕೊಟ್ಟ ಪದಕ. ಪಶ್ಚಿಮದಲ್ಲಿದ್ದವರಿಗೆ ಕೊಟ್ಟಿದ್ದು ಪಶ್ಚಿಮಿ ಸ್ಟಾರ್. ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿದ್ದು ಕ್ಷಿಪಣಿ ದೋಣಿಗಳು. ದೊಡ್ಡಪ್ಪ ಇದ್ದ ವಿಮಾನವಾಹಕ ಹಡಗು ವಿಕ್ರಾಂತ್ ಅದೇ ದಿನ ಬಂಗಾಳ ಕೊಲ್ಲಿಯಲ್ಲಿತ್ತು, ಅದರ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಕಡೆ ಹೋಗಿದ್ದವು. ಇಷ್ಟರಮಟ್ಟಿಗೆ ಲೇಖಕರು ಸರಿ.

ಆದರೆ ದೊಡ್ಡಪ್ಪ ಸ್ವತಃ ಹೇಳುತ್ತಿದ್ದದ್ದು ಕರಾಚಿಯ ಕಥೆಯನ್ನಲ್ಲ, ಬಾಯ್ಲರ್ ಕೋಣೆಯ ಸೆಕೆಯನ್ನು. ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು, ಮೂರರಲ್ಲೇ ಹಡಗು ಓಡಿಸಬೇಕಿತ್ತು. ವಿಮಾನ ಹಾರಿಸುವ ಕೆಟಪಲ್ಟ್‌ಗೂ ಅದೇ ಹಬೆ. ಗಾಳಿ ಕಡಿಮೆ ಇದ್ದು ಹಡಗಿನ ವೇಗವೂ ಸಾಲದಿದ್ದರೆ ವಿಮಾನ ಮೇಲೇರುವುದು ಕಷ್ಟ; ಆಗ ಡೆಕ್ ಮೇಲಿನವರಿಗೆ ಪೇಚಾಟ, ಕೆಳಗಿನವರಿಗೆ ಬೈಗುಳ! ಇದನ್ನು ಯಾರೂ ಸುಮ್ನೆ ಕಟ್ಟಿ ಹೇಳೋದಿಲ್ಲ ಅಲ್ವಾ? ಬಾಯ್ಲರ್ ವಿಷಯ ಆಮೇಲೆ ಬಂದ ಬರಹಗಳಲ್ಲೂ ಇದೆ.

ಕರಾಚಿ ಹೇಗೆ ಸೇರಿಕೊಂಡಿತು? ದೊಡ್ಡಮ್ಮನಿಗೆ ಗೊತ್ತಿದ್ದ ವಿಳಾಸ ಬಾಂಬೆಯದು. ಹಡಗು ಪೂರ್ವಕ್ಕೆ ಹೋದದ್ದು ಗುಟ್ಟಾಗಿತ್ತು, ಮನೆಗೆ ಬರೆಯುವಂತಿರಲಿಲ್ಲ. ಆಗ ರೇಡಿಯೊದಲ್ಲಿ ಕೇಳಿದ ಕರಾಚಿಯನ್ನೇ ಊರವರು ದೊಡ್ಡಪ್ಪನಿಗೆ ಅಂಟಿಸಿದರು. ಲೇಖಕರು ಯುದ್ಧಕ್ಕೆ ಹೋದವರ ಮಾತು ಮತ್ತು ನೆಂಟರ ಮಾತು ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದು ಜಾಸ್ತಿಯಾಯಿತು.