ನಾಲ್ಕು ಸೊನ್ನೆಗಳ ನಿವೃತ್ತಿ

ರಿಯಾಲ್‌ನಿಂದ ನಾಲ್ಕು ಸೊನ್ನೆ ಕಿತ್ತುಹಾಕಲು ಇರಾನಿನ ಸಂಸತ್ತು 2025ರ ಅಕ್ಟೋಬರಿನಲ್ಲಿ ಒಪ್ಪಿತಲ್ಲ, ಅಂದಿನಿಂದ ಅಲ್ಲಿನ ಶಾಸಕರ ಮೇಲೆ ನನಗೆ ಭಯಭಕ್ತಿ ಹುಟ್ಟಿದೆ. ಡಾಲರಿಗೆ ಹತ್ತು ಲಕ್ಷ ರಿಯಾಲ್ ದಾಟಿತೆಂದು ಜನ ಗೋಳಾಡುತ್ತಿದ್ದರು. ಸಂಸತ್ತಿನಲ್ಲಿ ಕೈ ಎತ್ತಿದ್ದೇ ತಡ, ನೂರು ಚಿಲ್ಲರೆಗೆ ಇಳಿಯಿತು. ಅಣು ಚಟುವಟಿಕೆಗೆ ಕಡಿವಾಣ ಹಾಕಿಕೊಂಡರೆ ಇರಾನಿನ ಮೇಲಿನ ನಿರ್ಬಂಧ ಸಡಿಲಿಸುತ್ತೇವೆಂದು 2015ರಲ್ಲಿ ವಿಯೆನ್ನಾದಲ್ಲಿ ಅಣು ಒಪ್ಪಂದವಾದಾಗ ಇದೇ ಡಾಲರಿಗೆ 32,000 ರಿಯಾಲ್ ಆಸುಪಾಸು ಇತ್ತು. ಹಾಗಾದರೆ ಆಗಿಗಿಂತ ಈಗಲೇ ದೇಶ ಸುಭಿಕ್ಷ. ಜಾರಿಗೆ ಬರಲು ಇನ್ನೂ ಕೆಲವು ವರ್ಷ ಬೇಕಂತೆ. ಅಷ್ಟರೊಳಗೆ ಹೊಸ ಸೊನ್ನೆಗಳು ಹುಟ್ಟಿದರೆ ಚಿಂತೆಯಿಲ್ಲ, ಜಾಗ ಖಾಲಿ ಮಾಡಿಸಿ ಇಟ್ಟಿದ್ದಾರೆ.

ಸೊನ್ನೆಯ ಮಹಿಮೆ ಚೀನಾದ ಕಸ್ಟಮ್ಸ್‌ನವರಿಗೆ ಇನ್ನೂ ಚೆನ್ನಾಗಿ ಗೊತ್ತು. 2022ರ ನಡುಭಾಗದಿಂದ ಅವರ ದಫ್ತರದಲ್ಲಿ ಇರಾನಿನ ಕಚ್ಚಾ ತೈಲದ ಆಮದು ಸೊನ್ನೆ. ಇರಾನ್ ಮಾರುವ ತೈಲದಲ್ಲಿ ಶೇ 90ರಷ್ಟು ಚೀನಾಕ್ಕೇ ಹೋಗುತ್ತದೆಂದು ಹಡಗುಗಳ ಜಾಡು ಹಿಡಿಯುವವರು ಹೇಳುತ್ತಾರೆ. ಹೊರಟಿದ್ದು ಹೊರಟಿದೆ, ಬಂದಿದ್ದು ಬಂದೇ ಇಲ್ಲ! ನಡುವೆ ಮಲೇಷ್ಯಾ ಇದೆಯಲ್ಲ. ಪಾಪ, ಆ ದೇಶ ತೆಗೆಯುವುದೇ ದಿನಕ್ಕೆ ಐದಾರು ಲಕ್ಷ ಬ್ಯಾರಲ್. 2024ರಲ್ಲಿ ಅಲ್ಲಿಂದ ಕೊಂಡೆನೆಂದು ಚೀನಾ ಬರೆದುಕೊಂಡದ್ದು ಅದರ ಎರಡು ಪಟ್ಟಿಗೂ ಮಿಗಿಲು. ಜೊಹೋರ್ ತೀರದಾಚೆ ನಡುಗಡಲಲ್ಲಿ ಎರಡು ಮುದಿ ಟ್ಯಾಂಕರುಗಳು ಮಗ್ಗುಲಿಗೆ ಮಗ್ಗುಲು ಕೊಟ್ಟು ನಿಲ್ಲುತ್ತವೆ, ಹಡಗು ಎಲ್ಲಿದೆಯೆಂದು ಸಾರುವ ಟ್ರಾನ್ಸ್‌ಪಾಂಡರ್ ಆರುತ್ತದೆ, ತೈಲ ಈ ಹೊಟ್ಟೆಯಿಂದ ಆ ಹೊಟ್ಟೆಗೆ ಇಳಿಯುತ್ತದೆ, ಮಲೇಷ್ಯಾದ ಪೌರತ್ವ ಸಿಕ್ಕಿಬಿಡುತ್ತದೆ. ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅಲೆಯುವವರಿಗೆ ಹೊಟ್ಟೆಕಿಚ್ಚು ತರುವ ವೇಗ. ಅಮೆರಿಕ ನಿರ್ಬಂಧ ಹಾಕಿದ ಮಾಲು ಅಂತ ಬೆಲೆ ಕಡಿಮೆ. ಲಾಭ ಚೀನಾದ ಶಾನ್‌ಡಾಂಗ್ ಪ್ರಾಂತ್ಯದ ಸಣ್ಣ ರಿಫೈನರಿಗಳಿಗೆ.

ಯುರೋಪಿನವರು ಹೀಗೆಲ್ಲ ಕಳ್ಳದಾರಿ ಹಿಡಿಯುವವರಲ್ಲ. ಅವರದ್ದು ರಾಜಮಾರ್ಗ. ಟ್ರಂಪ್ 2018ರ ಮೇ ತಿಂಗಳಲ್ಲಿ ಆ ಅಣು ಒಪ್ಪಂದ ಹರಿದೆಸೆದಾಗ ಫ್ರಾನ್ಸ್, ಜರ್ಮನಿ, ಬ್ರಿಟನ್ ಸೇರಿ ಇರಾನಿನೊಂದಿಗೆ ವ್ಯಾಪಾರಕ್ಕೆಂದೇ 2019ರ ಜನವರಿಯಲ್ಲಿ ‘ಇನ್‌ಸ್ಟೆಕ್ಸ್’ ಎಂಬ ಸಂಸ್ಥೆ ತೆರೆದವು. 2020ರ ಮಾರ್ಚಿನಲ್ಲಿ ಮೊದಲ ವಹಿವಾಟು ನಡೆಯಿತು. 2023ರ ಮಾರ್ಚಿನಲ್ಲಿ ಬಾಗಿಲು ಹಾಕಿದಾಗ ಲೆಕ್ಕ ನೋಡಿದರೆ ಕೊನೆಯ ವಹಿವಾಟೂ ಅದೇ. ಇವರೇ ಅಲ್ಲವೆ, 2016ರಲ್ಲಿ ಇರಾನಿನ ಆಗಿನ ಅಧ್ಯಕ್ಷ ರೂಹಾನಿ ಬಂದಾಗ ರೋಮಿನ ಮ್ಯೂಸಿಯಮ್ಮಿನಲ್ಲಿ ನಗ್ನ ಶಿಲ್ಪಗಳಿಗೆ ಹಲಗೆ ಪೆಟ್ಟಿಗೆ ಹೊದಿಸಿ ಮಾನ ಕಾಪಾಡಿದವರು? ಅದೇ ಪ್ರವಾಸದಲ್ಲಿ ಪ್ಯಾರಿಸ್ಸಿನಲ್ಲಿ 118 ಏರ್‌ಬಸ್ ವಿಮಾನಗಳ ಮಾತಾಯಿತು. ಬಂದಿಳಿದದ್ದು ಮೂರು.

ಹೊರಗಿನವರನ್ನಷ್ಟೇ ಆಡಿಕೊಂಡರೆ ತೆಹರಾನಿಗೆ ಅನ್ಯಾಯವಾದೀತು. ವಿದೇಶಿ ಬಂಡವಾಳಕ್ಕೆ ರಕ್ಷಣೆ ಕೊಡುವ ಕಾನೂನನ್ನು ಅವರು 2002ರಲ್ಲೇ ಮಾಡಿದ್ದಾರೆ. ರಕ್ಷಣೆ ಹೇಗಿತ್ತೆಂದರೆ, ಕ್ರಾಂತಿಗೆ ಮುನ್ನ ಆಳುತ್ತಿದ್ದ ದೊರೆ ಷಾ ಕಾಲದಿಂದ ಕುಂಟುತ್ತ ಬಂದ ಇಮಾಮ್ ಖೊಮೇನಿ ವಿಮಾನ ನಿಲ್ದಾಣ 2004ರ ಮೇ 8ರಂದು ಶುರುವಾಯಿತು. ಟರ್ಮಿನಲ್ ನೋಡಿಕೊಳ್ಳುವ ಗುತ್ತಿಗೆ ಟರ್ಕಿ ಕಂಪನಿಯ ಕೂಟದ್ದು. ದುಬೈನಿಂದ ಒಂದು ವಿಮಾನ ಇಳಿಯಿತು. ಅಷ್ಟರಲ್ಲಿ ಇರಾನಿನದೇ ಸೇನಾಪಡೆಯಾದ ರೆವಲ್ಯೂಷನರಿ ಗಾರ್ಡ್ಸ್ ವಾಹನಗಳು ರನ್‌ವೇಗೇ ಬಂದು ನಿಂತವು: ಪರದೇಶದವರು ನಿಲ್ದಾಣ ನಡೆಸಿದರೆ ದೇಶದ ಭದ್ರತೆ ಏನಾಗಬೇಕು? ಎರಡನೇ ವಿಮಾನ ಇಸ್ಫಹಾನಿಗೆ ಹೋಯಿತು. ಉದ್ಘಾಟನೆಯಾದ ದಿನವೇ ಬಾಗಿಲು ಹಾಕಿದ ನಿಲ್ದಾಣ ಸುಮಾರು ಒಂದು ವರ್ಷ ಹಾಗೇ ಬಿದ್ದಿತ್ತು. ಇನ್ನು ಶಿಕ್ಷೆ? ಆಯಿತು, ಆಯಿತು. 2004ರ ಅಕ್ಟೋಬರಿನಲ್ಲೇ ಸಂಸತ್ತು ಸಾರಿಗೆ ಮಂತ್ರಿಯನ್ನು ಮನೆಗೆ ಕಳಿಸಿತು. ರನ್‌ವೇ ಮೇಲೆ ಗಾಡಿ ಓಡಿಸಿದವರನ್ನು ಯಾರು ಕೇಳುತ್ತಾರೆ?

ಇರಾನಿನ ಮಾತು ನಂಬಿದರೆ ಏನಾಗುತ್ತದೆಂದು ತಿಳಿಯಲು ನಾವು ಅಷ್ಟು ದೂರ ಹೋಗಬೇಕಿಲ್ಲ, ಕುದುರೆಮುಖದ ಹಳಬರನ್ನು ಕೇಳಿದರೆ ಸಾಕು. ಷಾ ಸಾಲ ಕೊಡುತ್ತೇನೆ, ಅದಿರನ್ನೂ ನಾನೇ ಕೊಳ್ಳುತ್ತೇನೆ ಎಂದ. 1976ರಲ್ಲಿ ಕಂಪನಿ ಹುಟ್ಟಿತು, ಬೆಟ್ಟ ಅಗೆದದ್ದಾಯಿತು, ಮಂಗಳೂರಿನವರೆಗೆ ಕೊಳವೆ ಎಳೆದದ್ದಾಯಿತು. 1979ರಲ್ಲಿ ಷಾ ಓಡಿಹೋದ, ಸಾಲವೂ ನಡುವೆಯೇ ನಿಂತಿತು. 1980ರಲ್ಲಿ ಗಣಿ ಸಿದ್ಧವಾಗಿ ಕೂತಾಗ ಕೊಳ್ಳುವವನೇ ಇಲ್ಲ. ಕೊನೆಗೆ ಅದಿರನ್ನು ಉಂಡೆ ಕಟ್ಟಿ ಬೇರೆಯವರಿಗೆ ಮಾರಲು ಮಂಗಳೂರಿನಲ್ಲಿ ಪೆಲೆಟ್ ಕಾರ್ಖಾನೆ ಎಬ್ಬಿಸಬೇಕಾಯಿತು.

ಔಷಧಿಗೆ ನಿರ್ಬಂಧವಿಲ್ಲ ಎಂದು ಅಮೆರಿಕ ಕಾಗದದಲ್ಲಿ ಬರೆದಿದೆ. ನಿಜ. ಔಷಧಿಯ ದುಡ್ಡು ದಾಟಿಸಲು ಯಾವ ಬ್ಯಾಂಕೂ ಮುಂದೆ ಬರುವುದಿಲ್ಲ, ಅಷ್ಟೆ. ಮುಟ್ಟಿದರೆ ಚರ್ಮ ಸುಲಿಯುವ ಕಾಯಿಲೆಯ ಮಕ್ಕಳಿಗೆ ಸ್ವೀಡನ್ನಿನಿಂದ ಬರುತ್ತಿದ್ದ ಗಾಯದ ಪಟ್ಟಿ 2018ರ ನಂತರ ನಿಂತುಹೋಯಿತು. ಇದರಲ್ಲಿ ಏನು ತಮಾಷೆ ಮಾಡಲಿ? ಅತ್ತ ನಿರ್ಬಂಧ ತಪ್ಪಿಸಿ ತೈಲ ಮಾರಿಕೊಡುತ್ತೇನೆಂದ ಇರಾನಿನ ಉದ್ಯಮಿ ಬಾಬಕ್ ಜಂಜಾನಿ ಸರ್ಕಾರದ ಇನ್ನೂರೈವತ್ತು ಕೋಟಿಗೂ ಹೆಚ್ಚು ಡಾಲರ್ ನುಂಗಿದ. 2016ರಲ್ಲಿ ಗಲ್ಲು ಎಂದರು, 2024ರಲ್ಲಿ ಇಪ್ಪತ್ತು ವರ್ಷ ಸೆರೆ ಎಂದರು. ನಿರ್ಬಂಧ ಹಾಕಿದವನಿಗೂ ಬಿಸಿ ತಾಗಲಿಲ್ಲ, ಹಾಕಿಸಿಕೊಂಡವನಿಗೂ ತಾಗಲಿಲ್ಲ.

ರಷ್ಯಾ ಬಿಟ್ಟರೆ ಜಗತ್ತಿನಲ್ಲೇ ಅತಿ ಹೆಚ್ಚು ಅನಿಲ ಇರುವ ದೇಶ ಅದು. 2024ರ ಡಿಸೆಂಬರಿನಲ್ಲಿ ಅನಿಲ ಸಾಲದೆ ಶಾಲೆ, ಕಚೇರಿ ಮುಚ್ಚಿದರು. ಮನೆಯನ್ನು ಎರಡು ಡಿಗ್ರಿ ತಣ್ಣಗಿಡಿ ಎಂದು ಅಧ್ಯಕ್ಷರು ಕೇಳಿಕೊಂಡರು. ಕಡಲಡಿಯ ಅನಿಲ ನಿಕ್ಷೇಪ ಸೌತ್ ಪಾರ್ಸ್‌ನ 11ನೇ ಹಂತದಲ್ಲಿ ಅನಿಲ ತೆಗೆಯಲು ಬಂದಿದ್ದ ಫ್ರಾನ್ಸಿನ ಟೋಟಾಲ್ 2018ರಲ್ಲಿ ಗಂಟುಮೂಟೆ ಕಟ್ಟಿತ್ತು, ಚೀನಾದ ಸಿಎನ್‌ಪಿಸಿ 2019ರಲ್ಲಿ. ಅದೇ ಸಮುದ್ರದಡಿಯ ಅದೇ ನಿಕ್ಷೇಪಕ್ಕೆ ಆಚೆ ದಡದಿಂದ ಕತಾರ್ ಕೊಳವೆ ಹಾಕಿಕೊಂಡು ಕೂತಿದೆ. ಆ ಅನಿಲ 2004ರಿಂದ ನಮ್ಮ ಗುಜರಾತಿನ ದಹೇಜಿಗೂ ಬರುತ್ತಿದೆ, ಬಿಲ್ಲಿನ ಸಮೇತ.